ಬೂದಿಮೂಗಿನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ

ಚೆನ್ನಿಯನ್ನು ಕೊಂದದ್ದು ಬೆಕ್ಕುಗಳ ಆಟವಲ್ಲ. ಅವಳನ್ನು ಕೊಂದವರು, ದೊಡ್ಡ ಕ್ಯಾನಿನಿಂದ ಹಟ್ಟಿಯವರ ಖಾಲಿ ಬಾಟಲಿಗಳಿಗೆ ಮದ್ದು ಸುರಿದು, ಅದು ಏನೆಂದು ಹೇಳದೆ ಜೀಪು ಹತ್ತಿ ಹೋದವರು. ಅವಳನ್ನು ಎರಡನೆಯ ಸಲ ಕೊಂದವರು, ಅವಳ ಫೋನಿನಲ್ಲಿದ್ದ ಆಟವನ್ನು ತಿರುವಿಹಾಕಿ, ವಿಷದ ವಿಚಾರದಲ್ಲಿ ಅತಿಯಾದ ಆಸಕ್ತಿ ಇದ್ದ ಯುವತಿ ತಾನಾಗಿಯೇ ಸೇವಿಸಿದ್ದಾಳೆ ಎಂದು ಬರೆದು ಕಡತ ಮುಚ್ಚಿದವರು. ಅವರ ಹೆಸರುಗಳನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಅವರಿಗೆ ಅವರ ಹೆಸರು ಗೊತ್ತಿದೆ. ಹೆಸರಿಲ್ಲದೆ ಬಂದದ್ದು ಆ ಮದ್ದು ಮಾತ್ರ.

ಹೋದ ತಿಂಗಳು ಹರೂರಿನಲ್ಲಿ ಸೇಲಂ ಬಸ್ಸಿಗೆ ಕಾಯುತ್ತಿದ್ದೆ. ಮಳೆ ಬಂತೆಂದು ರಸ್ತೆ ದಾಟಿ ಒಂದು ಅಂಗಡಿಯ ತಗಡಿನ ಕೆಳಗೆ ನಿಂತೆ. ಬಿತ್ತನೆ ಬೀಜ, ಗೊಬ್ಬರ, ಬೆನ್ನಿಗೆ ಕಟ್ಟಿಕೊಳ್ಳುವ ಸ್ಪ್ರೇಯರ್ ಮಾರುವ ಅಂಗಡಿ. ಒಳಗೆ ಯಾರೋ ಡಬ್ಬಿಯೊಂದರ ಮುಚ್ಚಳ ತೆರೆದರು. ಕೊಳೆತ ಬೆಳ್ಳುಳ್ಳಿಗೆ ಸೀಮೆಎಣ್ಣೆ ಬೆರೆಸಿದಂಥ ನಾತ ಒಮ್ಮೆಲೇ ಮುಖಕ್ಕೆ ಬಡಿಯಿತು. ನಾನು ಮತ್ತೆ ಮಳೆಗೇ ಇಳಿದು ನಿಂತೆ. “ನನೆಯಾದೀಂಗಮ್ಮಾ, ಉಳ್ಳ ವಾಂಗ,” ಎಂದು ಅಂಗಡಿಯಾತ ಕರೆದ. ನೆನೆಯಬೇಡಿ, ಒಳಗೆ ಬನ್ನಿ ಎಂದು. ಒಳ್ಳೆಯ ಮನುಷ್ಯನೇ ಇರಬೇಕು. ಆದರೆ ಆ ನಾತ ಚೆನ್ನಿಯ ಅಂಗೈಯ ನಾತ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಒಂದು ಪ್ರಯಾಣದುದ್ದಕ್ಕೂ ನಾನು ಉಸಿರಾಡಿದ್ದು ಅದನ್ನೇ.

ಚೆನ್ನಿ ಹೋದದ್ದು ಐಪ್ಪಸಿಯ, ಅಂದರೆ ದೀಪಾವಳಿ ತಿಂಗಳ, ಮಳೆ ಹಿಡಿದಿದ್ದ ಕಾಲ. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿ ನಾನು ಸೇಲಮ್ಮಿನ ಮನೆಗೆ ಹಿಂತಿರುಗಿದ್ದೆ. ಅಪ್ಪ ಸರ್ಕಾರಿ ನೌಕರಿಯವರು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಅಮ್ಮನ ತಂಗಿ, ನನ್ನ ಚಿಕ್ಕವ್ವ, ಹರೂರಿನಿಂದ ಒಳಕ್ಕೆ ಹೋಗುವ ದಾರಿಯಲ್ಲಿ, ಬಸ್ಸು ನಿಲ್ಲುವ ಜಾಗದಿಂದ ಇನ್ನೂ ನಡೆಯಬೇಕಾದ ಒಂದು ಹಟ್ಟಿಯಲ್ಲಿದ್ದಳು. ಚಿಕ್ಕಪ್ಪ ಬಹಳ ಹಿಂದೆಯೇ ತೀರಿಕೊಂಡಿದ್ದರು. ಚಿಕ್ಕವ್ವ, ಅವಳ ಒಬ್ಬಳೇ ಮಗಳು ಚೆನ್ನಿ, ಒಂದು ಹಿಂಡು ಕುರಿ, ಕಲ್ಲುಭೂಮಿಯಲ್ಲಿ ಒಂದಿಷ್ಟು ಮರಗೆಣಸು. ಇದು ಆ ಮನೆ. ಚೆನ್ನಿ ಹರೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಬೆಳಗ್ಗೆ ಕಾಲೇಜು, ಸಂಜೆ ಕುರಿ, ನಡುವೆ ಸಿಕ್ಕ ಹೊತ್ತಿನಲ್ಲೆಲ್ಲ ಬೆಕ್ಕು.

ಬೆಕ್ಕೆಂದರೆ ನಮ್ಮ ಆಟ. ಕಾಲೇಜುಗಳು ಮುಚ್ಚಿ ಪಾಠವೆಲ್ಲ ಫೋನಿಗೆ ಬಂದ ವರ್ಷ ಅದನ್ನು ಶುರುಮಾಡಿದವನು ಶಿವರಾಜ. ಧರ್ಮಪುರಿಯ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿರುವ ಹುಡುಗ, ನಮಗೆ ದೂರದ ನಂಟ. ಫೋನಿನ ಒಂದು ಗುಂಪು. ಅದರಲ್ಲಿ ಸೇಲಂ, ಧರ್ಮಪುರಿ, ಪಾಲಮಲೆಯ ಕಡೆಯ ನಮ್ಮಂಥ ಕನ್ನಡದ ಮನೆಗಳ ಹುಡುಗ ಹುಡುಗಿಯರು. ಗುಂಪಿಗೆ ಬಂದ ಮೇಲೆ ಯಾರೂ ಮನುಷ್ಯರಲ್ಲ. ಕಲ್ಲುಬೆಟ್ಟವೆಂಬ, ಎಲ್ಲಿಯೂ ಇಲ್ಲದ ಒಂದು ಕಾಡಿನ ಬೆಕ್ಕುಗಳು. ಒಬ್ಬರು ತಮ್ಮ ಬೆಕ್ಕು ಏನು ಮಾಡಿತೆಂದು ಬರೆಯಬೇಕು, ಇನ್ನೊಬ್ಬರು ಅದಕ್ಕೆ ತಮ್ಮ ಬೆಕ್ಕಿನಿಂದ ಉತ್ತರ ಕೊಡಬೇಕು, ಕತೆ ಹಾಗೆಯೇ ಬೆಳೆಯಬೇಕು. ಬರೆಯುತ್ತಿದ್ದದ್ದು ಕನ್ನಡದಲ್ಲಿ, ಆದರೆ ತಮಿಳು ಅಕ್ಷರಗಳಲ್ಲಿ. ಗುಂಪಿನಲ್ಲಿ ಕನ್ನಡ ಲಿಪಿ ಬರುತ್ತಿದ್ದವಳು ನಾನೊಬ್ಬಳೇ. ಉಳಿದವರಿಗೆ ಅದು ಅವ್ವನ ಜೊತೆ, ಕುರಿಗಳ ಜೊತೆ ಆಡುವ ಭಾಷೆ. ಅದನ್ನು ಬರೆಯಲೂಬಹುದು ಎಂದು ಅವರಿಗೆ ತೋರಿಸಿಕೊಟ್ಟದ್ದು ಬೆಕ್ಕುಗಳೇ.

ಶಿವರಾಜ ಹಿಂಡಿನ ಯಜಮಾನ, ಮೋಡಗಾಲು. ನಾನು ಕೆಂಗಣ್ಣಿ, ಗಡಿ ಕಾಯುವವಳು. ನನ್ನ ಗ್ರಾಂಥಿಕ ಕನ್ನಡ ಅವರಿಗೆಲ್ಲ ದೊಡ್ಡ ತಮಾಷೆ. “ಅಕ್ಕಾ, ನಿನ್ ಬೆಕ್ಕು ಯೂನಿವರ್ಸಿಟಿ ಬೆಕ್ಕು,” ಎಂದು ಶಿವರಾಜ ಒಮ್ಮೆ ಹಾಕಿದ. “ಇಲಿ ಇಡಿಯೋಕ್ ಮುಂಚೆ ಇಲಿಗೇ ಒಂದು ಅರ್ಜಿ ಕೊಡ್ತದೆ.” ಅಂದಿನಿಂದ ನಾನು ಗುಂಪಿನಲ್ಲಿ ಅರ್ಜಿ ಬೆಕ್ಕು.

ಚೆನ್ನಿ ಹಿಂಡಿನ ಮದ್ದುಗಾತಿ, ಬೂದಿಮೂಗು. ಕಾಡಿನ ಕಾಯಿಲೆಗಳನ್ನೂ ವಿಷಗಳನ್ನೂ ಹುಟ್ಟಿಸುವುದು ಅವಳ ಪಾಲಿಗೆ ಬಂದಿತ್ತು, ಅದರಲ್ಲಿ ಅವಳಿಗೆ ಮಿತಿಯೇ ಇರಲಿಲ್ಲ. ಕನ್ನಡಿಜ್ವರ: ನೀರಿನಲ್ಲಿ ತನ್ನ ಮುಖ ನೋಡಿಕೊಂಡ ಬೆಕ್ಕು ಊಟ ಬಿಡುತ್ತದೆ, ಮದ್ದು, ಆ ನೀರಿಗೆ ಕಲ್ಲೆಸೆಯುವುದು. ಪಟಾಕಿಕಿವಿ: ದೀಪಾವಳಿಯ ಮಾರನೆಯ ದಿನ ಬರುತ್ತದೆ, ಮದ್ದು, ಯಾರಾದರೂ ಕಿವಿಯ ಹತ್ತಿರ ಮೆಲ್ಲಗೆ ಸುಳ್ಳು ಹೇಳಬೇಕು. ಊರುನಾಲಗೆ: ಮನುಷ್ಯರ ಮನೆಯ ಹಾಲು ಒಮ್ಮೆ ಕುಡಿದ ಕಾಡುಬೆಕ್ಕಿಗೆ ಕಾಡು ಮರೆಯುತ್ತದೆ, ಮದ್ದಿಲ್ಲ. ಈ ಕೊನೆಯದನ್ನು ಹಾಕಿದ ದಿನ ನಾನು ಅವಳಿಗೆ ಫೋನು ಮಾಡಿ, “ಇದು ನನಗೇ ಹೇಳಿದ್ದಾ?” ಎಂದು ಕೇಳಿದ್ದೆ. “ಅಯ್ಯೋ, ಅಕ್ಕಂಗೆ ಸುಟ್ಟೋಯ್ತು ನೋಡು!” ಎಂದು ನಕ್ಕಿದ್ದಳು.

ವಿಷಗಳೂ ಹಾಗೆಯೇ. ಕಣಗಿಲೆಯ ನೀರು, ಹಸಿ ಮರಗೆಣಸಿನ ಸೊಪ್ಪು, ಮನುಷ್ಯರು ಬೇಲಿಯ ಪಕ್ಕ ಇಟ್ಟುಹೋಗುವ ಮಾಂಸದುಂಡೆ. ಪ್ರತಿಯೊಂದಕ್ಕೂ ಒಂದು ಎಲೆ, ಒಂದು ಬೇರು, ಒಂದು ಸುಳ್ಳು ಮದ್ದು. ಎಲ್ಲಕ್ಕಿಂತ ಕೆಟ್ಟದ್ದು ಹೆಸರಿಲ್ಲದ ವಿಷ. ಅದರ ಹೆಸರನ್ನು ಯಾರಾದರೂ ಕಂಡುಹಿಡಿದು ಮದ್ದುಗಾತಿಗೆ ಹೇಳುವವರೆಗೆ ಯಾವ ಎಲೆಯೂ ನಾಟದು. ಇದನ್ನೆಲ್ಲ ಬರೆದವಳಿಗೆ ಇದು ಆಟವೆಂದು ಗೊತ್ತಿತ್ತು. ಓದಿದ ನಮಗೂ ಗೊತ್ತಿತ್ತು. ಗೊತ್ತಾಗದೆ ಹೋದದ್ದು ಅಧಿಕಾರದಲ್ಲಿದ್ದವರಿಗೆ.

ಆಟದ ಎರಡು ಕಟ್ಟಳೆಗಳನ್ನು ಮಾಡಿದವಳೂ ಚೆನ್ನಿಯೇ. ಮೊದಲನೆಯದು ಒಂದು ಜಗಳದಿಂದ ಹುಟ್ಟಿತು. ಗುಂಪಿಗೆ ಬಾರದೆ ಸುಮ್ಮನಿದ್ದ ಹುಡುಗಿಯೊಬ್ಬಳ ಬೆಕ್ಕನ್ನು ಶಿವರಾಜ ಸಿಡಿಲು ಹೊಡೆಸಿ ಸಾಯಿಸಿಬಿಟ್ಟಿದ್ದ.

“ಅದೆಂಗಲಾ ಸಾಯಿಸ್ತೀಯ? ಕೇಳ್ದಾ ಅವ್ಳನ್ನ?” ಚೆನ್ನಿ ಹಾಕಿದಳು.

“ಬೆಕ್ಕು ತಾನೇ. ಇನ್ನೊಂದು ಮಾಡ್ಕಂತಾಳೆ ಬುಡು.”

“ಬೆಕ್ಕಾದ್ರೇನು? ಅದ್ರ ಇಂದೆ ಒಬ್ರು ಅವ್ರೆ.”

ಅಂದಿನಿಂದ ಕಟ್ಟಳೆ ಆಯಿತು: ಆಡುವವರ ಒಪ್ಪಿಗೆ ಇಲ್ಲದೆ ಯಾವ ಬೆಕ್ಕೂ ಸಾಯಕೂಡದು. ಕಾಯಿಲೆ ಬರಬಹುದು, ವಿಷ ಏರಬಹುದು, ಕಣ್ಣು ಹೋಗಬಹುದು. ಸಾವಿಗೆ ಮಾತ್ರ ಬೆಕ್ಕಿನ ಹಿಂದಿರುವ ಮನುಷ್ಯರನ್ನು ಕೇಳಬೇಕು.

ಎರಡನೆಯ ಕಟ್ಟಳೆಯನ್ನು ಅವಳು ಹಟ್ಟಿಯಿಂದಲೇ ತಂದದ್ದು. ನಮ್ಮ ತಾಯಿಯ ಕಡೆಯವರಲ್ಲಿ ಕುರಿಗೆ ಕುಡಿಸುವ ಯಾವುದೇ ಮದ್ದನ್ನು, ಕುಡಿಸುವವರು ಮೊದಲು ಬೆರಳ ತುದಿಯಲ್ಲಿ ತಮ್ಮ ನಾಲಗೆಗೆ ಮುಟ್ಟಿಸಿಕೊಳ್ಳಬೇಕು. ಅಜ್ಜಿ ಹೇಳುತ್ತಿದ್ದದ್ದು, ನಿನ್ನ ನಾಲಗೆ ಮುಟ್ಟದ್ದನ್ನು ಅದರ ಗಂಟಲಿಗೆ ಹುಯ್ಯಬೇಡ ಎಂದು. ಬಾಯಿಲ್ಲದ ಪ್ರಾಣಿ ಬೇಡವೆನ್ನಲಾರದು. ಅದರ ಪರವಾಗಿ ನೀನು ರುಚಿ ನೋಡು. ಈ ಪದ್ಧತಿಯನ್ನು ಚೆನ್ನಿ ಬೂದಿಮೂಗಿಗೂ ಕೊಟ್ಟಿದ್ದಳು. ಬೂದಿಮೂಗು ತಾನು ನೆಕ್ಕಿ ನೋಡದ ಎಲೆಯನ್ನು ಯಾವ ಬೆಕ್ಕಿಗೂ ತಿನ್ನಿಸುತ್ತಿರಲಿಲ್ಲ.

ದೀಪಾವಳಿ ಕಳೆದ ವಾರ ಹಟ್ಟಿಗೆ ಇಲಾಖೆಯವರ ಕುರಿಮದ್ದಿನ ಕ್ಯಾಂಪು ಬಂತು. ಹಿಂದಿನ ವರ್ಷವೂ ಬಂದಿತ್ತು. ಆಗ ಕೊಟ್ಟದ್ದು ಹೊಟ್ಟೆಹುಳುವಿಗೆ ಕುಡಿಸುವ ಮದ್ದು. ಈ ಸಲವೂ ಅದೇ ನೀಲಿ ಕ್ಯಾನು, ಅದೇ ಜೀಪು. ಮಳೆ ಬರುತ್ತಿತ್ತು, ಬಂದವರಿಗೆ ಅವಸರವಿತ್ತು. ಮನೆಯಿಂದ ಬಾಟಲಿ ತನ್ನಿ ಎಂದರು. ಹಟ್ಟಿಯಲ್ಲಿ ಬಾಟಲಿಯೆಂದರೆ ಹಬ್ಬಕ್ಕೆ ತಂದ ಕಿತ್ತಳೆ ಬಣ್ಣದ ಜ್ಯೂಸಿನ ಖಾಲಿ ಬಾಟಲಿ. ಅದರೊಳಕ್ಕೇ ಸುರಿದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಬಾಟಲಿಯನ್ನು ಎತ್ತಿ ಹಿಡಿಯಿರಿ ಎಂದು ಫೋಟೊ ತೆಗೆದುಕೊಂಡರು. ಜೀಪು ಹೊರಡುವಾಗ ಚಿಕ್ಕವ್ವ ಓಡಿಹೋಗಿ ತನಗೆ ಬರುವ ತಮಿಳಿನಲ್ಲಿ ಕೇಳಿದಳು: ಹೋದ ಸಲದ್ದೇ ತಾನೇ ಸಾಮಿ? ಒಳಗೆ ಕೂತಿದ್ದಾತ ತಿರುಗಿ ನೋಡದೆ, “ಆಮಾ ಆಮಾ, ಅದೇದಾನ್,” ಎಂದ. ಹೌದು, ಅದೇ.

ಅದೇ ಆಗಿರಲಿಲ್ಲ. ಅದು ಉಣ್ಣಿಯ ಮದ್ದು. ಕುರಿಯ ಮೈಗೆ ಕಚ್ಚಿಕೊಳ್ಳುವ ರಕ್ತ ಹೀರುವ ಹುಳುಗಳಿಗೆ, ಬಕೆಟ್ಟು ನೀರಿನಲ್ಲಿ ತೆಳುಮಾಡಿ, ಕೈಗೆ ಕವಚ ಹಾಕಿಕೊಂಡು, ಮೈಮೇಲೆ ಮಾತ್ರ ಹಚ್ಚಬೇಕಾದ ಗಟ್ಟಿ ವಿಷ. ಇದು ನನ್ನ ಊಹೆಯಲ್ಲ. ಅಂದು ಮಧ್ಯಾಹ್ನ ಅದೇ ಜೀಪು ನಿಂತ ಪಕ್ಕದ ಹಟ್ಟಿಯಲ್ಲಿ ಮಳೆ ಬಿಟ್ಟಿತ್ತು, ಅವಸರ ಇರಲಿಲ್ಲ. ಅಲ್ಲಿಯವರಿಗೆ ಮೈಗೆ ಹಚ್ಚಿ ಎಂದು ಹೇಳಿದ್ದಾರೆ. ಹಾಗಾದರೆ ತಂದವರಿಗೆ ತಾವು ತಂದದ್ದು ಏನೆಂದು ಗೊತ್ತಿತ್ತು. ಮಳೆಯಲ್ಲಿ ನಿಂತು ಒಂದು ವಾಕ್ಯ ಹೇಳುವಷ್ಟು ಬೆಲೆ ನಮ್ಮ ಹಟ್ಟಿಗೆ ಇರಲಿಲ್ಲ, ಅಷ್ಟೆ.

ಆ ಸಂಜೆ ಚೆನ್ನಿ ಹಟ್ಟಿಯ ಹಿಂದಿನ ಬಂಡೆ ಹತ್ತಿ ನನಗೆ ಫೋನು ಮಾಡಿದಳು. ಆ ಬಂಡೆಯ ಮೇಲೆ ಮಾತ್ರ ಮಾತು ಕೇಳಿಸುವಷ್ಟು ಸಿಗ್ನಲ್ಲು. ಮನೆಯ ಬಳಿ ಮೆಸೇಜು ಹೋದರೆ ಹೋಯಿತು, ಇಲ್ಲವಾದರೆ ಇಲ್ಲ. ಕ್ಯಾಂಪಿನವರ ಅಣಕ ಮಾಡಿದಳು. “ಬಿರ್ರನೆ ಬಂದ್ರು, ಬಿರ್ರನೆ ಓದ್ರು ಕಣಕ್ಕ. ಬಾಟ್ಲಿ ಎತ್ತಿಡೀರಿ, ನಗ್ರೀ ಅಂದ್ರು. ಅವ್ವ ನಗ್ಲೇ ಇಲ್ಲ. ಮುಂದ್ಲ ಅಲ್ಲು ಇಲ್ಲ ನೋಡು, ಬಾಯಿ ತಗೀಲಿಲ್ಲ. ನಾನು ಕಪ್ ಗೆದ್ದಂಗೆ ಎತ್ತಿಡಿದಿವ್ನಿ.” ಆ ಫೋಟೊ ಆಮೇಲೆ ಪತ್ರಿಕೆಯಲ್ಲಿ ಬಂತು. ಉಚಿತ ಔಷಧ ಪಡೆದು ಹರ್ಷಗೊಂಡ ಕುರಿಗಾರರು. ನಡುವೆ ಚೆನ್ನಿ, ತನ್ನ ಸಾವನ್ನು ತಲೆಯ ಮೇಲೆ ಎತ್ತಿ ಹಿಡಿದು ನಗುತ್ತಿದ್ದಾಳೆ.

ಮಾರನೆಯ ದಿನವೂ ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಮಧ್ಯಾಹ್ನ ನಾನು ಸೇಲಮ್ಮಿನಲ್ಲಿ ನೌಕರಿ ಪರೀಕ್ಷೆಯ ಪುಸ್ತಕ ಮುಂದಿಟ್ಟುಕೊಂಡು ಗುಂಪನ್ನು ಓದುತ್ತಿದ್ದೆ. ಶಿವರಾಜ ಒಂದು ದೊಡ್ಡ ಕತೆ ನಡೆಸುತ್ತಿದ್ದ: ಮನುಷ್ಯರು ಬೇಲಿಯ ಬಳಿ ಮಾಂಸದುಂಡೆ ಇಟ್ಟಿದ್ದಾರೆ, ಹಿಂಡಿಗೆ ವಿಷವೇರಿದೆ, ಬೂದಿಮೂಗು ಎಲೆ ಹುಡುಕಿ ಹೊರಟಿದ್ದಾಳೆ. ಎಲ್ಲರೂ ಬೂದಿಮೂಗಿಗೆ ಕಾಯುತ್ತಿದ್ದರು. ಆಗ ಚೆನ್ನಿಯ ಮಾತು ಬಂತು.

“ಕಣ್ ಮಂಜಾಗೈತೆ. ಜೊಲ್ಲು ನಿಲ್ತಾ ಇಲ್ಲ. ಕೈಕಾಲು ಅದುರ್ತೈತೆ.”

“ಸೂಪರ್ ಲೇ ಬೂದಿ!” ಶಿವರಾಜ ಕೂಡಲೇ ಹಾಕಿದ. “ಮೋಡಗಾಲು ಓಡೋಡಿ ಬಂದ. ಯಾವ್ ಎಲೆ ನೆಕ್ದೆ ಮದ್ದುಗಾತಿ? ಅದ್ರ ಎಸರು ಏಳು!”

ಒಬ್ಬರು ಅಳುವ ಮುಖ ಹಾಕಿದರು. ಒಬ್ಬರು ತಮ್ಮ ಬೆಕ್ಕಿನಿಂದ ತುಳಸಿ ತಂದುಕೊಟ್ಟರು. ಆಮೇಲೆ ಇನ್ನೊಂದು ಮಾತು ಬಂತು.

“ಕುರಿ ಎಲ್ಲ ಬಿದ್ದೋದ್ವು. ಯಾರಾದ್ರೂ ಬರ್ರಲಾ.”

ನಮ್ಮ ಕಾಡಿನಲ್ಲಿ ಕುರಿಗಳಿರಲಿಲ್ಲ.

ಕಲ್ಲುಬೆಟ್ಟದಲ್ಲಿ ಇಲಿ ಇತ್ತು, ಓತಿಕ್ಯಾತ ಇತ್ತು, ನವಿಲು ಇತ್ತು. ಕುರಿ ಎಂದೂ ಇರಲಿಲ್ಲ. ಕುರಿ ಇದ್ದದ್ದು ಚಿಕ್ಕವ್ವನ ಹಟ್ಟಿಯಲ್ಲಿ. ನಾನು ಗುಂಪಿಗೆ “ಇದು ಆಟವಲ್ಲ” ಎಂದಷ್ಟೇ ಹಾಕಿ ಫೋನು ಮಾಡತೊಡಗಿದೆ. ಚೆನ್ನಿಯದು ಹೋಗಲಿಲ್ಲ, ಚಿಕ್ಕವ್ವನದು ಹೋಗಲಿಲ್ಲ. ಆಂಬುಲೆನ್ಸಿಗೆ ಮಾಡಿದರೆ, ರೋಗಿಯ ಪಕ್ಕದಲ್ಲಿರುವವರಿಗೆ ಕೊಡಿ, ದಾರಿ ಹೇಳಬೇಕು ಎಂದರು. ಕೊನೆಗೆ ಹರೂರು ರಸ್ತೆಯ ಟೀ ಅಂಗಡಿಯವರ ನಂಬರು ಸಿಕ್ಕಿ, ಅವರು ಒಂದು ಗೂಡ್ಸ್ ಆಟೊ ಒಳಕ್ಕೆ ಕಳಿಸಿದರು. ಶಿವರಾಜ ಫೋನು ಮಾಡಿ, “ಅಕ್ಕಾ, ನಿಜವಾ? ಅಕ್ಕಾ, ನಿಜವಾ?” ಎಂದು ಅದೊಂದನ್ನೇ ಕೇಳುತ್ತಿದ್ದ. ನಾನು ಆಗಲೇ ಹರೂರು ಬಸ್ಸಿನಲ್ಲಿದ್ದೆ.

ಹಟ್ಟಿಯಲ್ಲಿ ನಡೆದದ್ದನ್ನು ಆಮೇಲೆ ಚಿಕ್ಕವ್ವ ಹೇಳಿದಳು. ಮಳೆ ಸ್ವಲ್ಪ ಬಿಟ್ಟಾಗ, ಹಟ್ಟಿಯಲ್ಲಿ ಎಲ್ಲರಿಗಿಂತ ಮೊದಲು, ಚೆನ್ನಿ ಮದ್ದು ಕುಡಿಸಲು ಕೂತಳು. ಬಾಟಲಿ ತೆರೆದು, “ತೂ, ಏನ್ ನಾತ ವಡೀತೈತವ್ವ ಈ ಸಲ!” ಎಂದಳು. ಮದ್ದೆಂದರೆ ನಾತವೇ ಎಂದಳು ಚಿಕ್ಕವ್ವ. ಚೆನ್ನಿ ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿಕೊಂಡಳು, ಉಗಿದಳು, ಬಾಯಿ ಉರಿಯುತ್ತದೆ ಎಂದಳು. ಹೋದ ವರ್ಷದ್ದೂ ಕಹಿಯಿತ್ತು. ಒಂದೊಂದೇ ಕುರಿಯ ದವಡೆ ಬಿಡಿಸಿ ಹುಯ್ಯತೊಡಗಿದಳು. ಕುರಿ ಕೊಸರುತ್ತವೆ, ಒಳಗೆ ಹೋದಷ್ಟೇ ಅವಳ ಅಂಗೈಯ ಮೇಲೂ ಹರಿಯಿತು. ಸ್ವಲ್ಪ ಹೊತ್ತಿಗೆ ಮೊದಲು ಕುಡಿದವು ನಡುಗಿ, ಜೊಲ್ಲು ಸುರಿಸಿ, ಮಗ್ಗುಲಿಗೆ ಬಿದ್ದವು.

ಆಗ ಆ ತಾಯಿ ಮಗಳು ಮಾಡಿದ ತಪ್ಪು ಮರಗೆಣಸಿನ ನಾಡಿನಲ್ಲಿ ಕುರಿ ಮೇಯಿಸುವವರು ಮಾತ್ರ ಮಾಡಬಲ್ಲ ತಪ್ಪು. ಪಕ್ಕದ ಹೊಲದಲ್ಲಿ ಗೆಣಸು ಕೀಳುತ್ತಿದ್ದರು. ಕಿತ್ತ ಗಿಡದ ಹಸಿ ಸೊಪ್ಪು ತಿಂದ ಕುರಿ ಹೀಗೆಯೇ ಬೀಳುತ್ತದೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಕಾಲವೂ ಅದೇ, ಬಿದ್ದ ರೀತಿಯೂ ಅದೇ. ಹಾಗಾಗಿ ಇಬ್ಬರೂ ಬಾಟಲಿಯನ್ನು ಬಿಟ್ಟು ಸೊಪ್ಪನ್ನು ಬೈದರು. ಸೊಪ್ಪಿನ ವಿಷಕ್ಕೆ ಬೆಲ್ಲದ ನೀರು ಕೊಡುವುದು ಅಲ್ಲಿಯ ರೂಢಿ. ಚೆನ್ನಿ ಮದ್ದು ತೊಯ್ದ ಅದೇ ಕೈಯಲ್ಲಿ ಬೆಲ್ಲ ಕಲಸಿ ಕುಡಿಸುತ್ತ ಕೂತಳು. ಮದ್ದು ಕೊಟ್ಟವರು ಹೇಳದೆ ಬಿಟ್ಟ ಒಂದು ವಾಕ್ಯದ ಜಾಗಕ್ಕೆ ನಮ್ಮವರ ಅನುಭವ ಬಂದು ಕೂತಿತು, ಅನುಭವವೇ ಅವರಿಗೆ ಮೋಸ ಮಾಡಿತು.

ಕೆಸರು ದಾರಿಯಲ್ಲಿ ಆಟೊ ತಡವಾಗಿ, ಟೀ ಅಂಗಡಿಯವರು ಹೇಳಿದ ಗುರುತಿನ ಮೇಲೆ ನಾನು ತಲುಪುವ ಹೊತ್ತಿಗೆ ಅವಳನ್ನು ಆಗಷ್ಟೇ ಹತ್ತಿರದ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಮಲಗಿಸಿದ್ದರು. ವೈದ್ಯರು ಮೀಟಿಂಗಿಗೆ ಹೋಗಿದ್ದರು. ಇದ್ದ ನರ್ಸಮ್ಮ ಅವಳ ಕಣ್ಣು ಬಿಡಿಸಿ ನೋಡಿ, “ಅಂದ ಊಸಿ ಸ್ಟಾಕ್ ಇಲ್ಲಮ್ಮಾ,” ಎಂದರು. ಬೇಕಾದ ಇಂಜೆಕ್ಷನ್ನು ಇರಲಿಲ್ಲ. ಸುತ್ತಲೂ ಹೊಲ, ಹೊಲಕ್ಕೆಲ್ಲ ಹೊಡೆಯುವುದು ಇಂಥದೇ ವಿಷ, ಮೂಲೆಮೂಲೆಗೂ ಅದನ್ನು ಮಾರುವ ಅಂಗಡಿ. ಅದನ್ನು ಇಳಿಸುವ ಮದ್ದು ಮಾತ್ರ ಅಲ್ಲಿ ಇರಲಿಲ್ಲ. ಧರ್ಮಪುರಿಗೆ ಕರೆದುಕೊಂಡು ಓಡಿ ಎಂದು ಅವರೇ ಕೈಹಿಡಿದು ವಾಹನ ಹತ್ತಿಸಿದರು.

ದಾರಿಯಲ್ಲಿ ಅವಳಿಗೆ ಎಚ್ಚರವಿತ್ತು. ಉಸಿರು ನೀರಿನೊಳಗಿಂದ ಬಂದಂತೆ ಬರುತ್ತಿತ್ತು. ನಾನು ಸೆರಗಿನಿಂದ ಅವಳ ಬಾಯಿ ಒರೆಸುತ್ತಿದ್ದೆ, ಚಿಕ್ಕವ್ವ ಕಾಲು ತಿಕ್ಕುತ್ತಿದ್ದಳು. ಚೆನ್ನಿ ನನ್ನ ಮಣಿಕಟ್ಟು ಹಿಡಿದು ಏನೋ ಹೇಳಿದಳು. ಬಾಗಿ ಕೇಳಿದೆ.

“ಅಕ್ಕಾ... ನಾನು ಓಕೆ ಅಂದಿಲ್ಲ ಅಂತ ಹಾಕು.”

“ಏನು ಚೆನ್ನಿ?”

“ಗುಂಪಲ್ಲಿ. ಸಾಯಕ್ಕೆ ನಾನು ಓಕೆ ಅಂದಿಲ್ಲ ಅಂತ. ಆ ಮೋಡಗಾಲು... ಸಾಯಿಸಿಬುಡ್ತಾನೆ.”

ಅವಳು ನಗಲು ನೋಡಿದಳು. ಚಿಕ್ಕವ್ವನಿಗೆ ಅರ್ಥವಾಗಲಿಲ್ಲ, “ಯಾರ್ ಮಗ, ಯಾರ್ ಸಾಯಿಸ್ತಾರೆ?” ಎಂದು ಗಾಬರಿಯಾಗಿ ಕೇಳುತ್ತಲೇ ಇದ್ದಳು.

ದೊಡ್ಡ ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದ ಮೊದಲ ಪ್ರಶ್ನೆ, ಯಾವ ವಿಷ? ಹೆಸರೇನು? ಚಿಕ್ಕವ್ವ ಮಡಿಲಿನಿಂದ ಬಾಟಲಿ ತೆಗೆದಳು. ಕಿತ್ತಳೆ ಹಣ್ಣಿನ ಚಿತ್ರ, ತಂಪಾಗಿ ಕುಡಿಯಿರಿ ಎಂಬ ಬರಹ. ಅದರ ಮೇಲೆ ಇದ್ದ ಹೆಸರು ಅದೊಂದೇ. ವೈದ್ಯೆ ಮೂಸಿದರು, ಚೆನ್ನಿಯ ಕಣ್ಣು ನೋಡಿದರು, ಲಕ್ಷಣದ ಮೇಲೆಯೇ ಚಿಕಿತ್ಸೆ ಆರಂಭಿಸಿದರು. ಅವರ ಮೇಲೆ ನನ್ನ ದೂರಿಲ್ಲ. ಆ ದಿನಗಳಲ್ಲಿ ನಾವು ಕಂಡವರಲ್ಲಿ ತಮ್ಮ ಕೆಲಸ ಮಾಡಿದ ಒಬ್ಬರೇ ಅಧಿಕಾರಿ ಅವರು. ಕ್ಯಾಂಪು ನಡೆಸಿದವರಿಗೆ ನಾನು ಫೋನು ಮಾಡಿದೆ, ಶಿವರಾಜ ಮಾಡಿದ, ವೈದ್ಯೆಯೂ ಮಾಡಿದರು. ಕ್ಯಾನಿನಲ್ಲಿ ಏನಿತ್ತೆಂದು ಹೇಳಿ ಎಂದು ಬೇಡಿಕೊಂಡೆವು. ಒಬ್ಬರು ಇನ್ನೊಬ್ಬರ ನಂಬರು ಕೊಟ್ಟರು, ಇನ್ನೊಬ್ಬರು ಮೊದಲಿನವರದನ್ನೇ ಕೊಟ್ಟರು. ಹೆಸರಿಲ್ಲದ ವಿಷವೆಂದು ಚೆನ್ನಿ ಆಟಕ್ಕೆ ಬರೆದದ್ದನ್ನು ಇವರು ಕಚೇರಿಯಲ್ಲಿ ಕೂತು ನಿಜ ಮಾಡಿದರು.

ನಾವು ಆಸ್ಪತ್ರೆಯಲ್ಲಿರುವಾಗಲೇ ಜೀಪು ಮತ್ತೆ ಹಟ್ಟಿಗೆ ಹೋಯಿತು. ಈ ಸಲ ಅವಸರ ಇರಲಿಲ್ಲ. ಮನೆಮನೆಗೂ ಹೋಗಿ ಕೊಟ್ಟ ಬಾಟಲಿಗಳನ್ನೆಲ್ಲ ವಾಪಸು ಪಡೆದರು. ಸತ್ತ ಕುರಿಗಳ ಬಗ್ಗೆ, ಮಾಲೀಕರ ಅಜಾಗ್ರತೆಯಿಂದ ಮರಗೆಣಸಿನ ಸೊಪ್ಪು ತಿಂದು ಸತ್ತಿವೆ ಎಂದು ಬರೆದುಕೊಂಡು ಹೋದರು. ಒಂದು ಕುರಿಯ ಹೊಟ್ಟೆಯನ್ನೂ ತೆರೆದು ನೋಡಲಿಲ್ಲ.

ಚೆನ್ನಿ ಉಸಿರಿನ ಯಂತ್ರದ ಮೇಲೆ ಕೆಲವು ದಿನ ಇದ್ದಳು. ಹೊರಗೆ ಮಳೆ ಬಿಡುತ್ತಿರಲಿಲ್ಲ. ಚಿಕ್ಕವ್ವ ವರಾಂಡದ ಗೋಡೆಗೆ ಒರಗಿ ಕೂತು ಒಂದೇ ಮಾತನ್ನು ತಿರುಗಿ ತಿರುಗಿ ಆಡುತ್ತಿದ್ದಳು: “ನಾನೇ ಕಲಿಸ್ದೆ ಮಗ. ನಾಲಗೆಗೆ ಮುಟ್ಸು ಅಂತ ನಾನೇ ಕಲಿಸ್ದೆ. ಅವ್ಳು ಚಿಕ್ಕೋಳಿದ್ದಾಗ ಒಲ್ಲೆ ಅಂದ್ರೆ ವಡ್ದಿವ್ನಿ.” ಶಿವರಾಜ ದಿನಾ ಸಂಜೆ ಅಂಗಡಿ ಮುಗಿಸಿ ಬಂದು ಅವಳ ಪಕ್ಕದಲ್ಲಿ ಕೂರುತ್ತಿದ್ದ. ಒಂದು ಸಂಜೆ ಅವನೇ ಇಡ್ಲಿ ಕಟ್ಟಿಸಿಕೊಂಡು ಬಂದಾಗ ಚಿಕ್ಕವ್ವ ಅವನ ತಲೆ ಸವರಿ, “ನೀನೇನಪ್ಪ ಮೋಡಗಾಲು?” ಎಂದು ಕೇಳಿದಳು. ಅವನು ಅಲ್ಲಿಯೇ ಬಿಕ್ಕಿಬಿಕ್ಕಿ ಅತ್ತ. ಮಳೆ ಬಿಟ್ಟು ಬಿಸಿಲು ಬಂದ ಬೆಳಗ್ಗೆ ಚೆನ್ನಿ ಹೋದಳು.

ತನಿಖೆಗೆ ಬಂದವರು ಚೆನ್ನಿಯ ಫೋನನ್ನೂ ಚಿಕ್ಕವ್ವ ಆಸ್ಪತ್ರೆಗೆ ತಂದಿದ್ದ ಬಾಟಲಿಯನ್ನೂ ಕೇಳಿ ತೆಗೆದುಕೊಂಡರು. ಆಮೇಲೆ ಶಿವರಾಜನನ್ನೂ ನನ್ನನ್ನೂ ಠಾಣೆಗೆ ಕರೆಸಿದರು. ಮೇಜಿನ ಹಿಂದಿದ್ದವರು ಪರದೆಯ ಮೇಲೆ ಬೆರಳು ಜಾರಿಸುತ್ತ ಕೇಳಿದರು:

“ಮೋಡಗಾಲ್ ಯಾರುಡಾ?”

“ನಾನ್ದಾನ್ ಸಾರ್,” ಎಂದು ಶಿವರಾಜ ಶಾಲೆಯಲ್ಲಿ ಹಾಜರಿ ಕೂಗಿದಾಗಿನಂತೆ ಕೈ ಎತ್ತಿದ.

ಈ ಗ್ಯಾಂಗಿಗೆ ನೀನೇ ಲೀಡರಾ? ವಿಷ ತೆಗೆದುಕೊಳ್ಳಲು ಹೇಳಿದ್ದು ನೀನೇನಾ? ಇಷ್ಟೊಂದು ವಿಷ ಯಾಕೆ ಬರೆದಿದ್ದಾಳೆ? ನಾನು ವಿವರಿಸಲು ಹೋದೆ. ಇದು ಆಟ, ಇವು ಬೆಕ್ಕುಗಳು, ಇದು ಕನ್ನಡ. ಅವರಿಗೆ ಅಕ್ಷರ ಗೊತ್ತಿತ್ತು, ಭಾಷೆ ಗೊತ್ತಿರಲಿಲ್ಲ. ಅಷ್ಟು ಪುಟಗಳಲ್ಲಿ ಅವರು ಗುರುತಿಸಿದ್ದು ವಿಷ ಎಂಬ ಒಂದೇ ಮಾತನ್ನು, ಏಕೆಂದರೆ ಅದು ಎರಡೂ ಭಾಷೆಯಲ್ಲಿ ಒಂದೇ. ಕನ್ನಡಿಜ್ವರಕ್ಕೆ ನೀರಿಗೆ ಕಲ್ಲೆಸೆಯಿರಿ ಎಂದು ಬರೆದ ಹುಡುಗಿಯ ನಗು ಅವರ ಕಣ್ಣಿಗೆ ಬೀಳಲಿಲ್ಲ. ಯಾರಾದರೂ ಬನ್ನಿ ಎಂದು ಕೂಗಿದ್ದು ಬೀಳಲಿಲ್ಲ. ಚಿಕ್ಕವ್ವ ಬಂದು ಜೀಪಿನಲ್ಲಿದ್ದಾತ “ಅದೇದಾನ್” ಎಂದದ್ದನ್ನು ಹೇಳಿದಳು. ಅದನ್ನು ಬರೆದುಕೊಳ್ಳಲಿಲ್ಲ. ತಾನಾಗಿಯೇ ಸೇವಿಸಿದ್ದಾಳೆ ಎಂದು ಬರೆದುಕೊಂಡರು.

ಈ ಒಂದು ಸಾಲು ಹೇಗೆ ಕೆಲಸ ಮಾಡುತ್ತದೆಂದು ನೋಡಿ. ಅದರಿಂದ ಕ್ಯಾನು ನಿರ್ದೋಷಿ, ಜೀಪು ನಿರ್ದೋಷಿ, ಆರೋಗ್ಯ ಕೇಂದ್ರದ ಖಾಲಿ ಕಪಾಟು ನಿರ್ದೋಷಿ. ಉಳಿದದ್ದು ಬದುಕು ಬೇಡವೆಂದ ಒಬ್ಬಳು ಹುಡುಗಿ, ಅವಳನ್ನು ಹಾಗೆ ಬೆಳೆಸಿದ ಒಬ್ಬಳು ತಾಯಿ. ಹಟ್ಟಿಯಲ್ಲಿ ಹೆಂಗಸರು ಈಗ ಚಿಕ್ಕವ್ವನ ಮುಂದೆ ಮಾತು ತಗ್ಗಿಸುತ್ತಾರೆ. ಏನು ಕಷ್ಟವಿತ್ತೋ ಹುಡುಗಿಗೆ ಎನ್ನುತ್ತಾರೆ. ಆ ಹಟ್ಟಿಯಲ್ಲಿ ಈಗ ಯಾರೂ ಕುರಿಯ ಮದ್ದಿನ ರುಚಿ ನೋಡುವುದಿಲ್ಲ. ಬಾಯಿಲ್ಲದ ಪ್ರಾಣಿಯ ಪರವಾಗಿ ನಾಲಗೆ ಒಡ್ಡುವ ಒಂದು ಪದ್ಧತಿ ಅಲ್ಲಿಗೆ ಮುಗಿಯಿತು.

ಗುಂಪು ಇನ್ನೂ ಇದೆ. ಯಾರೂ ಬರೆಯುವುದಿಲ್ಲ, ಯಾರೂ ಬಿಟ್ಟೂ ಹೋಗಿಲ್ಲ. ಆಟದ ಕಟ್ಟಳೆಯ ಪ್ರಕಾರ ಬೂದಿಮೂಗು ಬದುಕಿದ್ದಾಳೆ. ಅವಳನ್ನು ಸಾಯಿಸಲು ಬೇಕಾದ ಒಪ್ಪಿಗೆಯನ್ನು ಇನ್ನು ಯಾರೂ ಪಡೆಯಲಾರರು.

ಅರ್ಜಿ ಬೆಕ್ಕು ಎಂದು ನಕ್ಕವರ ಮಾತನ್ನು ಈಗ ನಡೆಸುತ್ತಿದ್ದೇನೆ. ಇದು ನನ್ನ ಅರ್ಜಿ. ಕುರಿಗಳಿಗೆ ಮದ್ದು ಹಂಚಿದ ಇಲಾಖೆಯ ಮಾನ್ಯ ಅಧಿಕಾರಿಗಳು ಆ ನೀಲಿ ಕ್ಯಾನಿನಲ್ಲಿ ಇದ್ದದ್ದು ಏನೆಂಬುದನ್ನು ಅದರ ಹೆಸರಿನೊಂದಿಗೆ, ಬರಹದಲ್ಲಿ, ಚೆನ್ನಿಯ ತಾಯಿಗೆ ತಿಳಿಸಬೇಕೆಂದು ಕೋರುತ್ತೇನೆ. ವಾಪಸು ಒಯ್ದ ಬಾಟಲಿಗಳು, ತನಿಖೆಯವರು ತೆಗೆದುಕೊಂಡ ಬಾಟಲಿಯೂ ಸೇರಿ, ಈಗ ಎಲ್ಲಿವೆ ಎಂಬುದನ್ನೂ ತಿಳಿಸಬೇಕು. ಬಾಟಲಿಗಳು ಕಳೆದುಹೋಗಿವೆ ಎಂದಾದರೆ, ಕುರಿಗಳನ್ನು ಹೂತ ಗುಂಡಿ ಹಟ್ಟಿಯ ಬಂಡೆಯ ಕೆಳಗಿದೆ. ಸಾಕ್ಷಿಗಳ ಮುಂದೆ ಅಗೆಸಿ ಪರೀಕ್ಷೆ ಮಾಡಿಸಬೇಕು. ಇನ್ನು ಮುಂದೆ ಯಾವ ಹಟ್ಟಿಗೂ ಹೆಸರಿಲ್ಲದ ಮದ್ದು ಹೋಗಕೂಡದು. ಹೋದಲ್ಲಿ, ಅದನ್ನು ಕುಡಿಸಬೇಕೋ ಹಚ್ಚಬೇಕೋ ಎಂಬುದನ್ನು ತಮಿಳಿನಲ್ಲಿಯೂ ಕನ್ನಡದಲ್ಲಿಯೂ ನಿಂತು ಹೇಳಬೇಕು, ಮಳೆ ಬರುತ್ತಿದ್ದರೂ. ವಿಷ ಮಾರುವ ಅಂಗಡಿ ಇರುವ ಪ್ರತಿ ಊರಿನ ಆರೋಗ್ಯ ಕೇಂದ್ರದಲ್ಲಿ ಅದನ್ನು ಇಳಿಸುವ ಇಂಜೆಕ್ಷನ್ನು ಇರಬೇಕು. ತನಿಖೆ ನಡೆಸಿದವರು ಚಿಕ್ಕವ್ವನ ಹೇಳಿಕೆಯನ್ನು ಅವಳಿಗೆ ತಿಳಿಯುವ ಭಾಷೆಯಲ್ಲಿ ಮತ್ತೆ ಪಡೆದು, ಆಟದ ಪುಟಗಳನ್ನು ಕನ್ನಡ ಬಲ್ಲವರಿಂದ ಓದಿಸಿ, ತಾನಾಗಿಯೇ ಎಂಬ ಆ ಒಂದು ಮಾತನ್ನು ಕಡತದಿಂದ ತೆಗೆಯಬೇಕು. ಈ ಪ್ರತಿಯೊಂದಕ್ಕೂ ಸಹಿಯುಳ್ಳ ಉತ್ತರವನ್ನು ನಿರೀಕ್ಷಿಸುತ್ತೇನೆ.

ಗುಂಪಿನಲ್ಲಿ ಹಾಕು ಎಂದು ಅವಳು ಹೇಳಿದ್ದನ್ನು ಅಂದು ನಾನು ಹಾಕಿದೆ. ಗುಂಪಿನವರಿಗೆ ಅದು ಮೊದಲೇ ಗೊತ್ತಿತ್ತು. ಗೊತ್ತಿಲ್ಲದವರಿಗಾಗಿ ಇಲ್ಲಿ ಇನ್ನೊಮ್ಮೆ, ದಾಖಲೆಗೆಂದು ಹಾಕುತ್ತಿದ್ದೇನೆ: ಸಾಯುವುದಕ್ಕೆ ಚೆನ್ನಿ ಒಪ್ಪಿಗೆ ಕೊಟ್ಟಿರಲಿಲ್ಲ.